ಕಲಂ ಎರಡರ ಹೆಂಗಸರು

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ರೋಸಲಿನ್ ಚೀಲವನ್ನು ಅದರ ಮೇಲಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಯಾರಾದರೂ ಬಂದು ಕೂರಬಹುದು ಎಂಬ ಮರ್ಯಾದೆ. ಯಾರೂ ಕೂರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು; ಸಾಲ್ಮಿಯಾದಿಂದ ಕುವೈತ್ ಸಿಟಿಗೆ ಹೋಗುವ ಈ ಬಸ್ಸಿನಲ್ಲಿ ಗಂಡಸರು ಕಂಬಿ ಹಿಡಿದು ಜೋತಾಡಿಕೊಂಡು ಹೋದಾರೇ ಹೊರತು ಮುಂದಿನ ಸಾಲಿನಲ್ಲಿ ಹೆಂಗಸಿನ ಪಕ್ಕ ಕೂರಲಾರರು, ಬೆಳಗಿನ ಈ ಹೊತ್ತಿಗೆ ಹತ್ತುವ ಹೆಂಗಸು ಅವಳೊಬ್ಬಳೇ. ಇಪ್ಪತ್ತೆರಡು ವರ್ಷಗಳಿಂದ ಒಂದು ಖಾಲಿ ಸೀಟು ಅವಳ ಜೊತೆಗೆ ಆಫೀಸಿಗೆ ಬರುತ್ತಿದೆ, ಸಂಜೆ ಅವಳ ಜೊತೆಗೇ ಹಿಂದಿರುಗುತ್ತದೆ. ಇವತ್ತು ಚೀಲ ಸ್ವಲ್ಪ ಉಬ್ಬಿಕೊಂಡಿತ್ತು. ಊಟದ ಡಬ್ಬಿಯ ಕೆಳಗೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಅದರೊಳಗೆ ಅಮ್ಮನ ತಂಗಿ ಸೆವ್ರಿನ್ ಮಾವ್ಶಿ ಹೆಣೆದ ಮಗುವಿನ ಟೊಪ್ಪಿ, ಅರ್ಧಕ್ಕೆ ನಿಂತದ್ದು, ಹೆಣೆಯುವ ಕೊಕ್ಕೆಸೂಜಿ ಇನ್ನೂ ಅದರಲ್ಲೇ ಸಿಕ್ಕಿಕೊಂಡಿದೆ. ಒಂದು ಹಿಡಿ ಬಿಳಿ ನೂಲಿಗೆ ಏನು ಭಾರ? ಆದರೂ ತೊಡೆ ಜೋಮು ಹಿಡಿದಂತಾಗಿ ಅವಳು ಎರಡು ಸಲ ಕಾಲು ಬದಲಿಸಿದಳು. ಡಾಕ್ಟರ್, ನನ್ನ ಚಿಕ್ಕಮ್ಮನ ಒಂದು ವಸ್ತು ಇದೆ, ಮ್ಯೂಸಿಯಮ್ಮಿಗೆ ಆದೀತೇ ನೋಡುತ್ತೀರಾ ಎಂಬ ಇಂಗ್ಲಿಷ್ ವಾಕ್ಯವನ್ನು ಒಂದು ವಾರದಿಂದ ಬಾಯಿಪಾಠ ಮಾಡುತ್ತಿದ್ದಾಳೆ. ಐವತ್ತಾರು ವರ್ಷದ ಹೆಂಗಸು ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ತುಟಿ ಅಲುಗಿಸುತ್ತಿರುವುದನ್ನು ಕನ್ನಡಿಯಲ್ಲಿ ಡ್ರೈವರ್ ನೋಡಿದ. ಅವಳು ತುಟಿ ಮುಚ್ಚಿಕೊಂಡಳು.

ಮ್ಯೂಸಿಯಂ ಅಂದರೆ ಕಟ್ಟಡವಲ್ಲ, ಇನ್ನೂ ಒಂದು ಇಟ್ಟಿಗೆಯೂ ಬಿದ್ದಿಲ್ಲ. ಅದು ಸದ್ಯಕ್ಕೆ ಮೂವತ್ತೊಂದು ಕಲಂಗಳ ಒಂದು ಕರಡು ಕಾನೂನು: ಮಹಿಳೆಯರ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ಥಾಪನೆ ಮತ್ತು ಆಡಳಿತ. ರೋಸಲಿನ್ ಬೆರಳಚ್ಚು ಮಾಡುವ ವಕೀಲರ ಕಚೇರಿಗೆ ಒಂದು ಮಹಿಳಾ ಸಂಘದವರು ಈ ಕೆಲಸ ಒಪ್ಪಿಸಿದ್ದರು. ಕರಡು ಮೊದಲು ಸಂಘದ ಸಮಿತಿಗೆ, ಆಮೇಲೆ ಸಚಿವಾಲಯಕ್ಕೆ. ಇಲ್ಲಿನವಳೇ ಆದ ಡಾಕ್ಟರ್ ಹೆಸ್ಸಾ ಎಂಬ ವಕೀಲೆ ಅದನ್ನು ರೂಪಿಸುತ್ತಿದ್ದಳು. ಹೊರದೇಶದಲ್ಲಿ ಕಾನೂನು ಓದಿ ಬಂದವಳಾದ್ದರಿಂದ ಅವಳಿಗೆ ಯೋಚನೆ ಇಂಗ್ಲಿಷಿನಲ್ಲೇ ಹೊಳೆಯುತ್ತದೆ. ಕಾರು ಓಡಿಸುತ್ತ ಫೋನಿಗೆ ಹೇಳಿ ಧ್ವನಿ ಕಳಿಸುತ್ತಾಳೆ, ರೋಸಲಿನ್ ಕಿವಿಗೆ ತಂತಿ ಸಿಕ್ಕಿಸಿಕೊಂಡು ಅದನ್ನು ಕೀಲಿಮಣೆಯಲ್ಲಿ ಬಡಿಯುತ್ತಾಳೆ, ಬಡಿದದ್ದನ್ನು ಮೂಲೆಯ ಮೇಜಿನ ಈಜಿಪ್ಟಿನ ಮುದುಕ ಅರಬಿಗೆ ಇಳಿಸುತ್ತಾನೆ. ಹೀಗಾಗಿ ಹೆಸ್ಸಾಳ ಮಾತಿಗೂ ಕಾನೂನಿಗೂ ನಡುವೆ ಇರುವುದು ರೋಸಲಿನ್‌ಳ ಹತ್ತು ಬೆರಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೇ ಕಂಡುಕೊಂಡು ಒಳಗೊಳಗೇ ಹಿಗ್ಗಿದ್ದಳು. ನಾಲ್ಕು ತಿಂಗಳಲ್ಲಿ ಇಡೀ ಕರಡು ಅವಳಿಗೆ ಕಂಠಪಾಠವಾಗಿತ್ತು. ಕಲಂ ಐದು, ಜಾಗ. ಕಲಂ ಏಳು, ಆಡಳಿತ ಮಂಡಳಿಯಲ್ಲಿ ಒಂಬತ್ತು ಜನ, ಅವರಲ್ಲಿ ಆರು ಹೆಂಗಸರು. ಕಲಂ ಹನ್ನೊಂದು, ಯಾವುದೇ ವಸ್ತುವನ್ನು ಸ್ವೀಕರಿಸುವ ಮುನ್ನ ಅದು ಯಾರದು, ಯಾರ ಕೈಯಲ್ಲಿತ್ತು ಎಂಬುದು ತಿಳಿದಿರಬೇಕು. ಸಾಲ್ಮಿಯಾದಲ್ಲಿ ಅವಳು ಬಾಡಿಗೆಗಿರುವುದು ತನ್ನ ಊರಿನವರದೇ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಅಡುಗೆಮನೆ ಸಿಗುವುದು ಆ ಮನೆಯವರ ಅಡುಗೆ ಮುಗಿದ ಮೇಲೆ, ಫ್ರಿಜ್ಜಿನಲ್ಲಿ ಕೆಳಗಿನ ಒಂದು ಖಾನೆ ಅವಳದು. ಒಲೆ ಖಾಲಿಯಾಗಲಿ ಎಂದು ಬಾಗಿಲ ಬಳಿ ನಿಂತು ಕಲಂಗಳನ್ನು ಗುಣುಗುಣಿಸುತ್ತಿದ್ದಾಗ ಆ ಮನೆಯ ಹುಡುಗಿ ರಿಯೋನಾ, "ಆಂಟಿ, ಆರ್ ಯೂ ಪ್ರೇಯಿಂಗ್?" ಎಂದು ಕೇಳಿದ್ದಳು. ಹೌದು ಮಗಾ ಎಂದು ಸುಳ್ಳು ಹೇಳಿದ್ದಳು.

ಆಫೀಸಿನಲ್ಲಿ ಮೇಜಿನ ಮೇಲೆ ಆಗಲೇ ಚಹಾ ಬಂದು ಕೂತಿತ್ತು. ಕಾಪುವಿನ ಲೋಕನಾಥ ಅವಳಿಗೆ ಚಹಾ ಬೇಕೋ ಬೇಡವೋ ಎಂದು ಕೇಳಿದ್ದೇ ಇಲ್ಲ. ಕಾಗದ ತಲುಪಿಸುವುದು, ಪ್ರತಿ ತೆಗೆಯುವುದು, ಸಚಿವಾಲಯಗಳಲ್ಲಿ ಸಾಲು ನಿಲ್ಲುವುದು, ಚಹಾ ಮಾಡುವುದು ಎಲ್ಲ ಅವನ ಕೆಲಸ. ಕೇಳಿದರೆ ಬೇಡ ಅನ್ನುತ್ತಾಳೆಂದು ಅವನಿಗೆ ಗೊತ್ತು, ಬೇಡ ಅಂದರೆ ಬೇಡ ಎಂದಲ್ಲ ಎಂಬುದೂ ಗೊತ್ತು. ಅವಳ ಊರೂ ಅವನ ಊರೂ ಒಂದೇ ಕಡಲಿನ ಬದಿಯವು. ಅಲ್ಲಿ ಮೊದಲನೆಯ ಸಲ ಕೇಳಿದ್ದಕ್ಕೆ ಯಾರೂ ಹೌದು ಅನ್ನುವುದಿಲ್ಲ. ಊಟ ಮಾಡಿ ಅಂದರೆ ಈಗ ಆಯಿತಷ್ಟೇ, ಕೂತುಕೊಳ್ಳಿ ಅಂದರೆ ಇಲ್ಲ ಹೊರಟೆ. ಎರಡನೆಯ ಸಲ ಕೇಳಿದರೆ ಅದು ಕರೆ, ಒಂದೇ ಸಲ ಕೇಳಿ ಬಿಟ್ಟರೆ ಅದು ಬರೀ ಬಾಯಿ ಉಪಚಾರ. ಸೆವ್ರಿನ್ ಮಾವ್ಶಿಯಂತೂ ಇದರಲ್ಲಿ ಎಲ್ಲರನ್ನೂ ಮೀರಿಸಿದವಳು. ತನ್ನ ಸ್ವಂತ ಅಕ್ಕನ ಮನೆಯಲ್ಲಿ, ಹೊಟ್ಟೆ ಹಸಿದು ಬಂದಾಗಲೂ, ಮೊದಲನೆಯ ಸಲಕ್ಕೆ ಒಂದು ತುಂಡು ಸಾನ್ನಣ ಇಡ್ಲಿಯನ್ನೂ ಮುಟ್ಟಿದವಳಲ್ಲ.

"ಬಾಯಿ, ಇವತ್ತು ಒಂದು ಗಂಟೆಗೆ ಆ ಹೆಂಗಸರ ಮ್ಯೂಸಿಯಮ್ಮಿದು ಹನ್ನೆರಡು ಕಾಪಿ ಕೊಟ್ಟು ಬರ್ಬೇಕಂತೆ" ಎಂದ ಲೋಕನಾಥ, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ಅವಳನ್ನು ಬಾಯಿ ಎಂದು ಕರೆದು. "ಮ್ಯಾನೇಜರು ಹೇಳಿದ್ರು. ಒಂದು ಗಂಟೆ ಅಂದ್ರೆ ಒಂದು ಗಂಟೆ. ನಾಳೆ ನಾಡಿದ್ದು ರಜೆ ಅಲ್ವಾ."

"ಎಲ್ಲ ರೆಡಿ ಉಂಟು ಲೋಕಣ್ಣ. ಪ್ರಿಂಟ್ ಹಾಕ್ಲಿಕ್ಕೆ ಮಾತ್ರ ಬಾಕಿ."

"ತಪ್ಪು ಗಿಪ್ಪು ಇಲ್ವಲ್ಲ? ಹೋದ ತಿಂಗಳಿನ ಹಾಗೆ ಆದ್ರೆ ಮತ್ತೆ ಖಲಾಸ್."

ಅವನು ಕಾಳಜಿಯಿಂದಲೇ ಅಂದದ್ದು. ಆದರೂ ಅವಳ ಕಿವಿ ಬಿಸಿಯಾಯಿತು. ಹೋದ ತಿಂಗಳು ಒಂದು ಬಾಡಿಗೆ ಕರಾರಿನಲ್ಲಿ ತಾರೀಖು ತಪ್ಪಿತ್ತು. ಮ್ಯಾನೇಜರು ಎಲ್ಲರೆದುರು, ನಗುನಗುತ್ತಲೇ, ಮೇಡಂ ಈಗ ಕಂಪ್ಯೂಟರೇ ಮಾತು ಕೇಳಿ ಬರೆಯುತ್ತದೆ, ಅದಕ್ಕೆ ಇಕಾಮಾ ಮಾಡಿಸಬೇಕಾಗಿಲ್ಲ, ವಯಸ್ಸೂ ಆಗುವುದಿಲ್ಲ ಎಂದಿದ್ದರು. ಅವಳ ಇಕಾಮಾ, ಅಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿ, ಡಿಸೆಂಬರಿಗೆ ಮುಗಿಯುತ್ತದೆ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ತಾನು ನಕ್ಕದ್ದು ನೆನಪಾದಾಗಲೆಲ್ಲ ತಾರೀಖು ತಪ್ಪಿದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು.

ಹತ್ತೂವರೆಗೆ ಹೆಸ್ಸಾ ಬಂದಳು. ರೋಸಲಿನ್ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕೋಣೆಗೆ ಹೋಗಿ, ಬಾಯಿಪಾಠ ಮಾಡಿದ್ದ ವಾಕ್ಯವನ್ನು ಅರ್ಧಕ್ಕೆ ಮರೆತು, ಡಬ್ಬಿಯನ್ನು ಮೇಜಿನ ಮೇಲಿಟ್ಟುಬಿಟ್ಟಳು. ಹೆಸ್ಸಾ ಒಳ್ಳೆಯವಳು. ಮೂವತ್ತೈದರ ಆಸುಪಾಸು, ಮಾತಾಡುವಾಗ ಎದುರಿನವರ ಮುಖ ನೋಡುತ್ತಾಳೆ, ಈ ಕಚೇರಿಯಲ್ಲಿ ಅದೇ ದೊಡ್ಡದು. ಟೊಪ್ಪಿಯನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡಳು.

"ಯಾರದಿದು ರೋಸಾ?"

"ನನ್ನ ಚಿಕ್ಕಮ್ಮನದು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಮೂವತ್ತು ವರ್ಷ. ವಾರ್ಡಿನಲ್ಲಿ ಹುಟ್ಟಿದ ಮಕ್ಕಳಿಗೆ ಟೊಪ್ಪಿ ಹೆಣೆದು ಕೊಡುತ್ತಿದ್ದಳು. ಊರಿನಲ್ಲಿ ಸಿಸ್ಟರುಗಳು ಕಲಿಸಿದ್ದು. ಆ ತೊಂಬತ್ತನೆಯ ಇಸವಿಯಲ್ಲಿ, ಎಲ್ಲರೂ ಹೋದಾಗ ಅವಳು ಹೋಗಲಿಲ್ಲ. ವಾರ್ಡಿನಲ್ಲಿ ಏಳು ಜನ ಬಸುರಿಯರಿದ್ದರು. ಆರು ಟೊಪ್ಪಿ ಆಗಿತ್ತು. ಇದು ಏಳನೆಯದು."

"ಯಾಕೆ ನಿಂತಿತು?"

"ಗೊತ್ತಿಲ್ಲ ಡಾಕ್ಟರ್. ಅವಳು ಹೇಳಲಿಲ್ಲ. ಆಮೇಲೆ ಅವಳು ಹೆಣೆಯಲೇ ಇಲ್ಲ."

ಹೆಸ್ಸಾ ಸಿಕ್ಕಿಕೊಂಡಿದ್ದ ಸೂಜಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ರೋಸಲಿನ್ ಕಂಡಳು. ಆಯಿತು ಅಂದುಕೊಂಡಳು, ಆಗಿಹೋಯಿತು, ಇನ್ನು ಮಾವ್ಶಿ ಗಾಜಿನೊಳಗೆ ದೀಪದ ಕೆಳಗೆ ಇರುತ್ತಾಳೆ, ಶಾಲೆಯ ಮಕ್ಕಳು ಬಂದು ನೋಡುತ್ತಾರೆ. ಹೆಸ್ಸಾ ಕರಡನ್ನು ತೆರೆದು ಎರಡನೆಯ ಪುಟಕ್ಕೆ ಬೆರಳಿಟ್ಟಳು.

"ಆದರೆ ಕಲಂ ಎರಡು ನೋಡು. 'ಮಹಿಳೆಯರು ಎಂದರೆ ಈ ದೇಶದ ಪೌರರಾದ ಮಹಿಳೆಯರು.' ಇದರ ಹೊರಗಿನ ವಸ್ತುವನ್ನು ಮ್ಯೂಸಿಯಂ ತೆಗೆದುಕೊಳ್ಳುವ ಹಾಗಿಲ್ಲ. ಹೇಳುವಾಗ ನನ್ನ ಮನಸ್ಸಿನಲ್ಲಿ ಇನ್ನೂ ಅಗಲವಾದದ್ದು ಏನೋ ಇತ್ತು ಅಂತ ನೆನಪು. ಹೇಳುತ್ತ ಹೇಳುತ್ತ ನನಗೇ ಧೈರ್ಯ ಸಾಲಲಿಲ್ಲವೇನೋ. ಮೂರು ಸಭೆಯಲ್ಲಿ ಇದೇ ಪಾಸಾಗಿ ಬಂದಿದೆ. ನನ್ನನ್ನು ಕ್ಷಮಿಸು ರೋಸಾ." ಟೊಪ್ಪಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳವನ್ನು ತಾನೇ ಹಾಕಿದಳು. "ಚಹಾ ತರಿಸಲಾ ನಿನಗೆ?"

"ಬೇಡ ಡಾಕ್ಟರ್."

"ಸರಿ" ಎಂದಳು ಹೆಸ್ಸಾ. ಹೊರದೇಶದಲ್ಲಿ ಓದಿದವಳು, ಬೇಡ ಅಂದರೆ ಬೇಡ ಎಂದು ನಂಬುತ್ತಾಳೆ.

ಜಾಗಕ್ಕೆ ಬಂದು ಕೂತಾಗ ರೋಸಲಿನ್‌ಗೆ ಸಿಟ್ಟು ಬರಲಿಲ್ಲ. ಹೊಸತೇನಿದೆ ಇದರಲ್ಲಿ? ಇಷ್ಟು ವರ್ಷ ಅವಳು ಬಡಿದ ಕಾಗದಗಳಲ್ಲೆಲ್ಲ ಎಲ್ಲಿಯೋ ಒಂದು ಸಾಲಿನಲ್ಲಿ ಈ ಮಾತು ಕೂತೇ ಇರುತ್ತದೆ. ಕಂಪನಿಯಲ್ಲಿ ಪಾಲು ಯಾರಿಗೆ, ಜಮೀನು ಯಾರಿಗೆ, ಅರ್ಜಿ ಹಾಕಬಹುದಾದವರು ಯಾರು: ಪೌರರಾದ, ಪೌರರಾದ, ಪೌರರಾದ. ಕಲಂ ಎರಡೂ ಅವಳಿಗೆ ಬಾಯಿಪಾಠವೇ, ಅದು ಮಾವ್ಶಿಯನ್ನೂ ಹೊರಗಿಡುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಅವಳಿಗೆ ಅದು ಗೋಡೆಯಂತೆ, ಗೋಡೆಯ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ಆದರೂ ಹೆಸ್ಸಾ ಧೈರ್ಯ ಕಳೆದುಕೊಂಡ ಆ ಕ್ಷಣ ಹೇಗಿತ್ತು ಎಂದು ಕೇಳುವ ಒಂದು ಚಪಲ ಹುಟ್ಟಿತು. ಬೇರೆಯವರ ಧೈರ್ಯ ಸೋರಿಹೋಗುವುದನ್ನು ಕೇಳಿದರೆ ತನಗೆ ಸ್ವಲ್ಪ ಹಗುರವಾದೀತು ಎಂಬ ಸಣ್ಣತನವೂ ಅದರಲ್ಲಿತ್ತು, ಅದನ್ನು ಅವಳು ಒಪ್ಪಿಕೊಳ್ಳುತ್ತಾಳೆ. ಜೂನ್ ತಿಂಗಳಿನ ಧ್ವನಿಯನ್ನು ಹುಡುಕಿ ಕಿವಿಗೆ ತಂತಿ ಸಿಕ್ಕಿಸಿಕೊಂಡಳು. ಕಾರಿನ ಸದ್ದು, ಹಾರ್ನು, ಆಮೇಲೆ ಹೆಸ್ಸಾಳ ದನಿ, ನಿಧಾನ, ಸ್ಪಷ್ಟ, ಒಂದೊಂದು ಪದವನ್ನೂ ಕೈಯಲ್ಲಿ ಎತ್ತಿ ಕೊಟ್ಟ ಹಾಗೆ: ಕಲಂ ಎರಡು. ಮಹಿಳೆಯರು ಎಂದರೆ ಈ ನೆಲದ ಮೇಲೆ ಬಾಳಿದ ಮತ್ತು ದುಡಿದ ಎಲ್ಲ ಮಹಿಳೆಯರು. ಮತ್ತೊಮ್ಮೆ ಹೇಳುತ್ತೇನೆ ರೋಸಾ, ಬಾಳಿದ ಮತ್ತು ದುಡಿದ ಎಲ್ಲ ಮಹಿಳೆಯರು.

ಪೌರರಾದ ಎಂಬ ಮಾತೇ ಅದರಲ್ಲಿರಲಿಲ್ಲ. ಅವಳು ಮೂರು ಸಲ ಕೇಳಿದಳು. ಅಂದು ಕಿವಿಯೂ ತಪ್ಪು ಕೇಳಿರಲಿಲ್ಲ, ದನಿಯೂ ತಡವರಿಸಿರಲಿಲ್ಲ. ಅರ್ಥ ವಿವರಿಸುವ ಕಲಂ ಬಂದ ಕೂಡಲೇ ಬೆರಳು ತಾವಾಗಿಯೇ ಇಪ್ಪತ್ತೆರಡು ವರ್ಷದ ದಾರಿ ಹಿಡಿದು ಹೋಗಿದ್ದವು, ಕತ್ತಲಲ್ಲಿ ಮನೆಯ ಮೆಟ್ಟಿಲು ಕಾಲಿಗೆ ಗೊತ್ತಿರುವ ಹಾಗೆ. ಯಾರೂ ಹೇಳದೆ, ಯಾರೂ ಒತ್ತಾಯಿಸದೆ, ಬಾಗಿಲು ತೆರೆದಿಟ್ಟವಳೊಬ್ಬಳು ಎರಡೆರಡು ಸಲ ಕರೆದರೂ ಕೇಳದೆ, ಸೆವ್ರಿನ್ ಮಾವ್ಶಿಯನ್ನು ಹೊರಗೆ ಹಾಕಿದ್ದು ಅವಳದೇ ಹತ್ತು ಬೆರಳು. ಈಜಿಪ್ಟಿನ ಮುದುಕ ಅದನ್ನು ಅರಬಿಗೆ ಇಳಿಸಿದ, ಸಮಿತಿಯವರು ತಲೆಯಾಡಿಸಿದರು, ಹೆಸ್ಸಾ ತನ್ನದೇ ಪುಕ್ಕಲುತನ ಎಂದು ನಂಬಿದಳು. ಬೆರಳುಗಳನ್ನು ಮೇಜಿನ ಮೇಲೆ ಚಾಚಿ ನೋಡಿದಳು. ಉಗುರಿನ ಸುತ್ತ ಚರ್ಮ ಎದ್ದ, ವಯಸ್ಸಾದ, ಏನೂ ಗೊತ್ತಿಲ್ಲದವರ ಹಾಗೆ ಬಿದ್ದುಕೊಂಡಿರುವ ಬೆರಳುಗಳು.

ತೊಂಬತ್ತನೆಯ ಇಸವಿಯ ಆ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಬಸ್ಸುಗಳು ನಿಂತಿದ್ದವು. ಇರಾಕಿನ ಸೈನ್ಯ ನುಗ್ಗಿ ಒಂದು ತಿಂಗಳಾಗಿತ್ತು, ಅವಳು ಮಾವ್ಶಿಯ ಕೈಹಿಡಿದು ಈ ದೇಶಕ್ಕೆ ಬಂದು ಐದು ತಿಂಗಳು. ಹೆಸರು ಬರೆಸಿದ ಇಂಡಿಯಾದವರನ್ನೆಲ್ಲ ಮರುಭೂಮಿ ದಾಟಿಸಿ ಜೋರ್ಡಾನಿನ ಅಮ್ಮಾನಿಗೆ ಮುಟ್ಟಿಸುತ್ತಾರೆ, ಅಲ್ಲಿಂದ ವಿಮಾನ. ಇಪ್ಪತ್ತೆರಡು ವರ್ಷದ ರೋಸಲಿನ್ ಬೆಳಿಗ್ಗೆ ನಾಲ್ಕಕ್ಕೇ ಬಂದು ಕಿಟಕಿಯ ಸೀಟು ಹಿಡಿದಿದ್ದಳು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಕಾದಿದ್ದಳು. ಎಂಟು ಗಂಟೆಗೆ ಮಾವ್ಶಿ ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಓಡಿ ಬಂದಳು, ಒಂದು ಕಟ್ಟು ಖುಬ್ಬೂಸು ರೊಟ್ಟಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅರ್ಧ ಹೆಣೆದ ಟೊಪ್ಪಿ. ನಡೆಯುವಾಗಲೂ ಹೆಣೆಯುವವಳು ಅವಳು. ನೀನೂ ಬಾ ಮಾವ್ಶಿ, ಸೀಟುಂಟು ಎಂದಳು ರೋಸಲಿನ್ ಕಿಟಕಿಯಿಂದ. "ನಾನು ಎಲ್ಲಿಗೆ ಬರಲಿ ಬಾಯೆ, ವಾರ್ಡಿನಲ್ಲಿ ಏಳು ಜನ ಇದ್ದಾರೆ, ನೀನು ಹೋಗು" ಎಂದಳು ಮಾವ್ಶಿ. ಹಾಗಂದವಳು ಅಲ್ಲಿಂದ ಹೋಗಲಿಲ್ಲ. ಕಿಟಕಿಯ ಕೆಳಗೇ ನಿಂತಳು. ಅದೇ, ಅಷ್ಟೇ. ಬಸ್ಸಿನ ಬಾಗಿಲು ಮುಚ್ಚುವವರೆಗೆ, ಹತ್ತು ನಿಮಿಷವೋ ಹದಿನೈದು ನಿಮಿಷವೋ, ಸೂಜಿಯಾಡಿಸುತ್ತ, ತಲೆಯೆತ್ತದೆ, ನಿಂತೇ ಇದ್ದಳು. ರೋಸಲಿನ್ ಎರಡನೆಯ ಸಲ ಕೇಳಲಿಲ್ಲ. ಎರಡನೆಯ ಸಲ ಕೇಳಿದರೆ ಮಾವ್ಶಿ ಹೂಂ ಅಂದಾಳು, ಒಳಗೆ ಹೋಗಿ ಬಟ್ಟೆ ತರುತ್ತೇನೆ ಅಂದಾಳು, ಅಷ್ಟರಲ್ಲಿ ಬಸ್ಸು ಹೊರಡಲಾರದೆ ಎಲ್ಲರೂ ಬೈದಾರು, ಇಲ್ಲವೇ ತಾನೂ ಇಳಿಯಬೇಕಾದೀತು. ಅವಳಿಗೆ ಹೆದರಿಕೆಯಾಗಿತ್ತು. ಬದುಕಬೇಕಿತ್ತು. ಬಸ್ಸು ತಿರುಗಿದಾಗ ಆ ಖಾಲಿ ಸೀಟಿನಲ್ಲಿ ಯಾರೋ ಬಂದು ಕೂತರು.

ಏನೂ ಆಗಲಿಲ್ಲ ಮಾವ್ಶಿಗೆ, ಲೋಕದ ಲೆಕ್ಕದಲ್ಲಿ. ಏಳು ತಿಂಗಳು ಆ ವಾರ್ಡಿನಲ್ಲಿ ಕಳೆದಳು, ಬದುಕಿ ಉಳಿದಳು, ಯುದ್ಧ ಮುಗಿದು ರೋಸಲಿನ್ ಹಿಂದಿರುಗಿದಾಗ ಇದೇ ಬಿಸ್ಕತ್ತಿನ ಡಬ್ಬಿಯನ್ನು ಕೈಗೆ ಕೊಟ್ಟು ಇದು ನಿನ್ನಲ್ಲಿರಲಿ ಎಂದಳು. ಆ ತಿಂಗಳುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಗರ್ಜಿಯ ಅಂಗಳದಲ್ಲಿ ಯಾರಾದರೂ ಕೇಳಿದರೆ, "ನನ್ನ ರೋಸಲಿನ್ ಕರೆದಿದ್ದಳು, ನಾನೇ ಹೋಗಲಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಪಕ್ಕದಲ್ಲಿ ನಿಂತ ರೋಸಲಿನ್ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಿವೃತ್ತಿಯಾಗಿ ಊರಿಗೆ ಹೋಗಿ ಐದು ವರ್ಷಕ್ಕೆ ಮಾವ್ಶಿ ತೀರಿಕೊಂಡಾಗ ರೋಸಲಿನ್‌ಗೆ ರಜೆ ಸಿಗಲಿಲ್ಲ. ರಜೆಯನ್ನೂ ಒಂದೇ ಸಲ ಕೇಳಿದ್ದಳು.

"ಬಾಯಿ, ಪ್ರಿಂಟ್ ಹಾಕುವನಾ? ಹನ್ನೊಂದೂವರೆ ಆಯ್ತು" ಎಂದ ಲೋಕನಾಥ, ಕಾಗದದ ಕಟ್ಟು ಒಡೆಯುತ್ತ.

ಹಾಕಿದರೆ ಮುಗಿಯಿತು. ಧ್ವನಿಯ ಕಡತವನ್ನು ಒಂದು ಗುಂಡಿ ಒತ್ತಿ ಅಳಿಸಿದರೆ ಅದೂ ಮುಗಿಯಿತು, ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಎರಡನೆಯ ತಪ್ಪು, ತಾರೀಖಿನಂಥ ಸಣ್ಣದಲ್ಲ, ಇಡೀ ಕಾನೂನಿನ ಸೊಂಟ ಮುರಿಯುವಂಥದ್ದು. ಡಿಸೆಂಬರಿಗೆ ಎರಡು ತಿಂಗಳು. ಊರಿನಲ್ಲಿ ಅವಳಿಗಾಗಿ ಕಾದಿರುವ ಕೋಣೆಯೂ ಇಲ್ಲ, ಮನುಷ್ಯರೂ ಇಲ್ಲ. ತಮ್ಮನ ಮನೆಯಲ್ಲಿ ಎರಡು ದಿನ ನೆಂಟಳು, ಮೂರನೆಯ ದಿನ ಪ್ರಶ್ನೆ. ಯಾಕೆ ಬೇಕು ಈ ಉಸಾಬರಿ ಎಂದು ತನಗೆ ತಾನೇ ಗದರಿಕೊಂಡಳು. ಬೆರಳು ಪ್ರಿಂಟಿನ ಗುಂಡಿಯ ಮೇಲೆ ಹೋಗಿ ಕೂತಿತು, ತಾನಾಗಿಯೇ, ಅಭ್ಯಾಸಬಲದಿಂದ. ತಾನಾಗಿಯೇ ಹೋಗಿ ಕೂತ ಆ ಬೆರಳನ್ನು ಕಂಡದ್ದೇ ಅವಳಿಗೆ ಮೈಯೆಲ್ಲ ಅಸಹ್ಯವಾಯಿತು.

"ಸ್ವಲ್ಪ ನಿಲ್ಲಿ ಲೋಕಣ್ಣ" ಎಂದು ಎದ್ದಳು.

ಹೆಸ್ಸಾ ಫೋನಿನಲ್ಲಿದ್ದಳು. ಕೂತುಕೋ ಎಂದು ಕೈಸನ್ನೆ ಮಾಡಿದಳು, ರೋಸಲಿನ್ ನಿಂತೇ ಇದ್ದಳು. ಹೆಸ್ಸಾ ಫೋನು ಕೆಳಗಿಟ್ಟ ಮೇಲೆ ರೋಸಲಿನ್ ತನ್ನ ಫೋನನ್ನು ಮೇಜಿನ ಮೇಲಿಟ್ಟು ಧ್ವನಿಯನ್ನು ಹಾಕಿದಳು. ಕಾರಿನ ಸದ್ದು. ಹಾರ್ನು. ಬಾಳಿದ ಮತ್ತು ದುಡಿದ ಎಲ್ಲ ಮಹಿಳೆಯರು. ಹೆಸ್ಸಾ ತನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಕೇಳಿಸಿಕೊಂಡಳು.

"ಇದು ನಾನೇ ಹೇಳಿದ್ದಾ?"

"ನೀವೇ ಡಾಕ್ಟರ್. ಪೌರರಾದ ಅಂತ ಸೇರಿಸಿದ್ದು ನಾನು. ಬೇಕಂತ ಅಲ್ಲ. ಕೈಗೆ ಅಭ್ಯಾಸವಾಗಿತ್ತು."

ಹೆಸ್ಸಾ ಕುರ್ಚಿಗೆ ಒರಗಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ತಾನು ಪುಕ್ಕಲಿಯಾಗಿರಲಿಲ್ಲ ಎಂಬ ಸಮಾಧಾನ. ಅದು ಬಂದಷ್ಟೇ ಬೇಗ ಹೋಯಿತು. "ಆದರೆ ರೋಸಾ, ಇದನ್ನು ಮೂರು ಸಭೆಯಲ್ಲಿ ನನ್ನದೇ ಮಾತು ಅಂತ ನಾನು ಸಮರ್ಥಿಸಿದ್ದೇನೆ. ಎಲ್ಲರೂ ಒಪ್ಪಿದ್ದಾರೆ. ನಿಜ ಹೇಳಲಾ, ಈ ಒಂದು ಮಾತು ಇದ್ದದ್ದರಿಂದಲೇ ಬೇಗ ಒಪ್ಪಿದರು. ಒಂದು ಗಂಟೆಗೆ ಪ್ರತಿ ಹೋಗಬೇಕು. ಈಗ ಇದನ್ನು ಎತ್ತಿದರೆ ಎಲ್ಲ ಮೊದಲಿನಿಂದ ಶುರು. ಮೊದಲು ಮ್ಯೂಸಿಯಂ ಬರಲಿ, ತಿದ್ದುಪಡಿ ಆಮೇಲೆ ಮಾಡೋಣ. ಬಿಡು. ನಿನ್ನ ತಪ್ಪೇನೂ ಇಲ್ಲ, ನಾನು ಯಾರಿಗೂ ಹೇಳುವುದಿಲ್ಲ."

"ಆಯಿತು ಡಾಕ್ಟರ್" ಎಂದಳು ರೋಸಲಿನ್.

ಎದೆಯಿಂದ ಕಲ್ಲು ಇಳಿದಂತಾಯಿತು, ಅದೇ ಭಯಂಕರ. ಕೇಳಿದ್ದೂ ಆಯಿತು, ಕೆಲಸವೂ ಉಳಿಯಿತು. ಕರೆದಿದ್ದೆ, ಅವರೇ ಬೇಡ ಅಂದರು ಎಂದು ಇನ್ನು ಸಾಯುವವರೆಗೆ ಹೇಳಿಕೊಳ್ಳಬಹುದು. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಳು. ಹಿಡಿ ತಣ್ಣಗಿತ್ತು, ಈ ಕೋಣೆಯ ಏಸಿ ಯಾವಾಗಲೂ ಜಾಸ್ತಿ. ಕಿಟಕಿಯ ಕೆಳಗೆ ನೀಲಿ ಅಂಗಿ, ತಲೆಯೆತ್ತದೆ ಆಡುವ ಸೂಜಿ. ತಲೆಯೆತ್ತಿದ್ದರೆ ಕಾಯುತ್ತಿದ್ದೇನೆಂದು ಗೊತ್ತಾಗಿಬಿಡುತ್ತದೆ ಎಂದಲ್ಲವೇ ಮಾವ್ಶಿ ನೀನು ತಲೆಯೆತ್ತದೇ ಇದ್ದದ್ದು? ಅವಳು ತಿರುಗಿದಳು.

"ಡಾಕ್ಟರ್, ಇನ್ನೊಂದು ಸಲ ಕೇಳ್ತೇನೆ."

ಹೆಸ್ಸಾ ತಲೆಯೆತ್ತಿದಳು.

"ನಿಮ್ಮ ಮಾತನ್ನು ನಿಮ್ಮ ಮಾತಾಗಿಯೇ ಅವರಿಗೆ ಕಳಿಸಿ. ಅವರು ಬೇಡ ಅಂದರೆ ಅನ್ನಲಿ. ನಾನೇ ಬೇಡ ಅಂದದ್ದು ಆಗ್ಬಾರ್ದು."

ಅಳಬಾರದೆಂದು ಗೋಡೆಯ ಕ್ಯಾಲೆಂಡರು ನೋಡಿದಳು. ಹೆಸ್ಸಾ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದಳು, ಹೊರಗೆ ಯಾರದೋ ಫೋನು ರಿಂಗಾಗಿ ನಿಂತಿತು.

"ಸೋಲುತ್ತದೆ. ಭಾನುವಾರದ ಸಭೆಯಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ, ಗೊತ್ತಲ್ಲ?"

"ಗೊತ್ತು."

"ಇದು ಹೇಗೆ ಬಂತು ಅಂತ ಬರೆಯಬೇಕಾಗುತ್ತದೆ. ಬೆರಳಚ್ಚಿನ ತಪ್ಪು ಅಂತ. ಮ್ಯಾನೇಜರಿಗೂ ಒಂದು ಪ್ರತಿ ಹೋಗುತ್ತದೆ."

"ಬರೆಯುವಾ, ಡಾಕ್ಟರ್. ನಾನೇ ಟೈಪ್ ಮಾಡ್ತೇನೆ."

ಅರ್ಧ ಪುಟದ ತಿದ್ದೋಲೆ. ಇಂಥವನ್ನು ಅವಳು ನೂರಾರು ಬಡಿದಿದ್ದಾಳೆ, ಅದರ ಒಕ್ಕಣೆಯೂ ಬೆರಳಿಗೆ ಗೊತ್ತು. ಕಲಂ ಎರಡರಲ್ಲಿ ಪೌರರಾದ ಎಂಬ ಮಾತು ಬೆರಳಚ್ಚಿನ ತಪ್ಪಿನಿಂದ ಸೇರಿದೆ. ಮೂಲದಲ್ಲಿ ಇದ್ದದ್ದು: ಈ ನೆಲದ ಮೇಲೆ ಬಾಳಿದ ಮತ್ತು ದುಡಿದ ಎಲ್ಲ ಮಹಿಳೆಯರು. ಮೂಲದ ಮಾತನ್ನು ಸಮಿತಿಯ ನಿರ್ಧಾರಕ್ಕೆ ಮತ್ತೆ ಇಡಲಾಗಿದೆ. ಬಡಿದು ಮುಗಿಸಿ ಓದಿ ನೋಡಿದಳು. ಬೆರಳಚ್ಚಿನ ತಪ್ಪಿನಿಂದ. ತಪ್ಪು ಮಾಡಿದವರು ಯಾರೂ ಇಲ್ಲ, ಬೆರಳಚ್ಚು ತಾನಾಗಿಯೇ ಆಯಿತು. ಮತ್ತೆ ಅದೇ ಕೈಯ ಅಭ್ಯಾಸ, ಕಣ್ಣು ತಪ್ಪಿಸಿ ತನ್ನನ್ನೇ ತಾನು ಹೊರಗೆ ಹಾಕಿಕೊಳ್ಳುವುದು. ಆ ಪದಗಳನ್ನು ಅಳಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಹೊಸದಾಗಿ ಕಲಿಯುವವಳ ಹಾಗೆ ಬರೆದಳು: ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ದುಡಿಯುತ್ತಿರುವ ರೋಸಲಿನ್ ಸೆರಾವೊ ಎಂಬವಳ ತಪ್ಪಿನಿಂದ. ಹೆಸ್ಸಾ ಸಹಿ ಹಾಕುವ ಮೊದಲು ಆ ಸಾಲಿನ ಮೇಲೆ ನಿಂತಳು. ಹೆಸರು ಬೇಕಾಗಿರಲಿಲ್ಲ ಎಂದಳು. ಗೊತ್ತು ಡಾಕ್ಟರ್ ಎಂದಳು ರೋಸಲಿನ್. ಹೆಸ್ಸಾ ಸಹಿ ಹಾಕಿದಳು, ಈಜಿಪ್ಟಿನ ಮುದುಕ ಕನ್ನಡಕ ಏರಿಸಿ ನಿಟ್ಟುಸಿರುಬಿಟ್ಟು ಅದನ್ನು ಅರಬಿಗೆ ಇಳಿಸಿದ.

ಒಂದಕ್ಕೆ ಐದು ನಿಮಿಷವಿರುವಾಗ ಹನ್ನೆರಡು ಪ್ರತಿಗಳನ್ನು ಚೀಲಕ್ಕೆ ತುಂಬುತ್ತ ಲೋಕನಾಥ ಮೇಲಿನ ಹಾಳೆಯ ಮೇಲೆ ಕಣ್ಣಾಡಿಸಿದ. "ಬಾಯಿ, ಇದರಲ್ಲಿ ನಿಮ್ಮ ಹೆಸರುಂಟಲ್ಲ!"

"ತಪ್ಪು ಮಾಡಿದ್ದು ನಾನು ಅಂತ ಬರೆದದ್ದು."

"ಅಯ್ಯೋ ದೇವ್ರೇ. ಎಂತ ಮಾರಾಯ್ರೆ ನೀವು, ಯಾರಾದ್ರೂ ತಾವಾಗಿಯೇ ಹೀಗೆ ಬರೀತಾರಾ? ಮ್ಯಾನೇಜರು ಬಿಡ್ತಾರಾ?"

"ಬಿಡ್ಲಿಕ್ಕಿಲ್ಲ. ನೀವು ಹೊರಡಿ ಲೋಕಣ್ಣ, ಲೇಟಾಗ್ತದೆ."

ಅವನು ಲಿಫ್ಟಿನ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿ ಹೋದ. ಸಂಜೆಯವರೆಗೂ ಮ್ಯಾನೇಜರು ಕರೆಯಲಿಲ್ಲ. ಅವರು ಗುರುವಾರ ಬೇಗ ಹೋಗುವವರು, ಭಾನುವಾರ ಕರೆಯುತ್ತಾರೆ.

ಸಂಜೆಯ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಪಕ್ಕದ ಸೀಟು ಎಂದಿನಂತೆ ಖಾಲಿ. ಇವತ್ತು ರೋಸಲಿನ್ ಚೀಲವನ್ನು ಅದರ ಮೇಲಿಟ್ಟಳು, ಡಬ್ಬಿ ಬೀಳದ ಹಾಗೆ ಮೇಲೆ ಕೈಯಿಟ್ಟುಕೊಂಡಳು. ಆಯಾಸದಿಂದ ಕಣ್ಣು ಮುಚ್ಚುತ್ತಿತ್ತು. ನಾಲ್ಕನೆಯ ನಿಲ್ದಾಣದಲ್ಲಿ ಒಬ್ಬಳು ಹತ್ತಿದಳು, ಆಸ್ಪತ್ರೆಯದೋ ಶಾಲೆಯದೋ ಶುಚಿ ಕೆಲಸದ ಅಂಗಿ, ಮಲಯಾಳಿಯೋ ಸಿಂಹಳದವಳೋ, ನಲವತ್ತು ದಾಟಿದ ಹೆಂಗಸು. ಸೀಟಿನ ಮೇಲಿನ ಚೀಲ ನೋಡಿ ಕಂಬಿ ಹಿಡಿದು ನಿಂತಳು.

"ಆಯಿಯೇ, ಬೈಠಿಯೇ" ಎಂದಳು ರೋಸಲಿನ್ ಚೀಲ ಎತ್ತುತ್ತ.

"ನಹೀ ನಹೀ, ಠೀಕ್ ಹೈ. ಪಾಸ್ ಮೇ ಉತರ್‌ನಾ ಹೈ" ಎಂದಳು ಆ ಹೆಂಗಸು, ಮುಖವನ್ನು ಆ ಕಡೆ ತಿರುಗಿಸಿಕೊಂಡು.

ಬಸ್ಸು ಹೊರಟಿತು. ಹೆಂಗಸು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು.

"ಬೈಠಿಯೇ ನಾ" ಎಂದಳು ರೋಸಲಿನ್ ಮತ್ತೊಮ್ಮೆ.

ಹೆಂಗಸು ಕೂತಳು. ಒಂದು ಕ್ಷಣವೂ ತಡಮಾಡದೆ, ಅಷ್ಟೊತ್ತು ಅದಕ್ಕೇ ಕಾದಿದ್ದವಳ ಹಾಗೆ, ದೊಡ್ಡ ಉಸಿರುಬಿಟ್ಟು ಕೂತುಬಿಟ್ಟಳು. ಅವಳ ತೋಳು ರೋಸಲಿನ್‌ಳ ತೋಳಿಗೆ ತಾಗಿ ಬೆಚ್ಚಗಿತ್ತು. ಇಷ್ಟೇ ಬೇಕಾಗಿತ್ತು. ಇನ್ನೊಂದು ಮಾತು, ಇಷ್ಟು ಸುಲಭ. ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ರೋಸಲಿನ್ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಹತ್ತಿರವೇ ಇಳಿಯುತ್ತೇನೆಂದಿದ್ದ ಹೆಂಗಸು ಸಾಲ್ಮಿಯಾದವರೆಗೂ ಕೂತಿದ್ದಳು.